ಮಕ್ಕಳು ಮಾಡಿದ ದೀಪ ಹಚ್ಚುವ ಹಾಗಿರಬೇಕು

ಪ್ರಶ್ನೆ: ಮಗಳಿಗೆ 9 ವರ್ಷ, ಮಗನಿಗೆ 5. ಕಳೆದ ದೀಪಾವಳಿಗೆ ಇಬ್ಬರೂ ಸೇರಿ ರಟ್ಟು, ಹತ್ತಿ, ಮಿಂಚು ಪುಡಿ ಅಂಟಿಸಿ ಕ್ಯಾಂಡಲ್ ಸ್ಟ್ಯಾಂಡ್ ಮಾಡಿದ್ದರು. ತುಂಬಾ ಚೆನ್ನಾಗಿತ್ತು. ಆದರೆ ಹಚ್ಚೋಕೆ ನನಗೆ ಧೈರ್ಯ ಬರಲಿಲ್ಲ, ಶೋಕೇಸಿನಲ್ಲಿ ಇಟ್ಟೆ. ಮಗ ಅತ್ತುಬಿಟ್ಟ. ಬಣ್ಣ ಬಳಿದ ಹಣತೆ ಹಚ್ಚಿದೆವು. ಸ್ವಲ್ಪ ಹೊತ್ತಿಗೇ ಬಣ್ಣ ಸಿಪ್ಪೆ ಎದ್ದು ಬಂತು, ನೆಲದ ಮೇಲೆಲ್ಲ ಎಣ್ಣೆ ಕಲೆ. ಗಾಜಿನ ಲೋಟದಲ್ಲಿ ಇಟ್ಟ ಮೇಣದ ಬತ್ತಿ ಲೋಟವನ್ನೇ ಸೀಳಿತು. ಈ ಸಲ ಮಕ್ಕಳ ಕೈಯಲ್ಲಿ ಏನು ಮಾಡಿಸಲಿ? (ಸಾಗರದ ಓದುಗರೊಬ್ಬರು)

ಉತ್ತರ: ನಿಮ್ಮ ಮಗ ಯಾಕೆ ಅತ್ತ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಐದು ವರ್ಷದ ಮಗುವಿಗೆ ದೀಪ ಅಂದರೆ ಬೆಳಕು. ಅವನು ಅಷ್ಟು ದಿನ ಕಾದಿದ್ದು ಹಬ್ಬದ ಸಂಜೆ ತಾನು ಮಾಡಿದ್ದು ಉರಿಯೋದನ್ನ ನೋಡೋಕೆ. ನೀವು ಹಚ್ಚದೇ ಇದ್ದದ್ದೂ ಸರಿಯೇ. ರಟ್ಟು, ಹತ್ತಿ, ಮಿಂಚು ಪುಡಿ, ಮೂರೂ ಬೆಂಕಿಯ ಹತ್ತಿರ ಇರಬಾರದ ಸಾಮಾನು. ಎಡವಿದ್ದು ಒಂದು ವಾರ ಮುಂಚೆ, ಸಾಮಾನು ಆರಿಸುವಾಗ.

ನಾನು 18 ವರ್ಷದಿಂದ ಮಕ್ಕಳಿಗೆ ಮಣ್ಣು, ಕಾಗದ, ಬಣ್ಣದ ಕೆಲಸ ಹೇಳಿಕೊಡುತ್ತಿದ್ದೇನೆ. ಮೊದಮೊದಲು ನಾನೂ ಅಲಂಕಾರವನ್ನೆಲ್ಲ ಮುಗಿಸಿ, ಕೊನೆಗೆ ಮಧ್ಯದಲ್ಲೊಂದು ಮೇಣದ ಬತ್ತಿ ಇಡಿಸುತ್ತಿದ್ದೆ. ಒಂದು ಬೇಸಿಗೆ ಶಿಬಿರದಲ್ಲಿ ಒಬ್ಬ ಹುಡುಗಿ ಮಾಡಿದ ಕಾಗದದ ಕಮಲದ ದಳಕ್ಕೆ ಬೆಂಕಿ ತಗುಲಿತು. ಪಕ್ಕದಲ್ಲಿದ್ದ ಸ್ಟೀಲ್ ಪಾತ್ರೆ ಮಗುಚಿ ಆರಿಸಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮಗು ಶಿಬಿರ ಮುಗಿಯುವವರೆಗೂ ದೀಪದ ಹತ್ತಿರ ಬರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಈಗಲೂ ಇದೆ.

ಆವತ್ತಿನಿಂದ ಕ್ರಮ ಬದಲಾಯಿಸಿದೆ. ಮೊದಲು ಮೇಜಿನ ಮೇಲೆ ಸುಮ್ನೆ ಒಂದು ಟೀ ಲೈಟ್ ಹಚ್ಚಿ ಇಡುತ್ತೇನೆ. ಟೀ ಲೈಟ್ ಅಂದರೆ ಅಲ್ಯುಮಿನಿಯಂ ಬಟ್ಟಲಲ್ಲಿ ಬರುವ ಪುಟ್ಟ ಮೇಣದ ದೀಪ, ಗೊತ್ತಲ್ವಾ? ಒಂದೊಂದೇ ಮಗುವಿನ ಮಣಿಕಟ್ಟು ಹಿಡಿದು, ಬಿಸಿ ಎಲ್ಲಿಯವರೆಗೆ ಇದೆ ಅಂತ ತೋರಿಸುತ್ತೇನೆ. ಪಕ್ಕದಲ್ಲಿ ನಾಲ್ಕು ಬೆರಳು ದೂರ ಇದ್ದರೂ ಕೈ ತಡೆಯುತ್ತದೆ. ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದರೂ ಬಿಸಿ ಚುರುಕಾಗಿಯೇ ತಾಗುತ್ತದೆ. ಮಕ್ಕಳು ಇದನ್ನ ಮರೆಯೋದಿಲ್ಲ. ಜ್ವಾಲೆಯ ಅತಿ ಬಿಸಿ ಜಾಗದಲ್ಲಿ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಾಗದ ಹೊತ್ತಿಕೊಳ್ಳೋಕೆ 230 ಡಿಗ್ರಿ ಆಸುಪಾಸು ಸಾಕು. ಬೆಂಕಿ ಎಲ್ಲಿ ಕೂರುತ್ತದೆ ಅನ್ನೋದು ಮೊದಲು ತೀರ್ಮಾನವಾಗಲಿ. ಅಲಂಕಾರ ಎಲ್ಲಿರಬೇಕು ಅಂತ ಆಮೇಲೆ ಮಕ್ಕಳೇ ಹೇಳುತ್ತಾರೆ: ಪಕ್ಕದಲ್ಲಿ, ಕೆಳಗೆ, ಜ್ವಾಲೆಗಿಂತ ತಗ್ಗಿನಲ್ಲಿ. ಮೇಲಂತೂ ಏನೂ ಬೇಡ.

ಈಗ ಹಣತೆ ವಿಷಯಕ್ಕೆ ಬರೋಣ. ಕುಂಬಾರರ ಹಣತೆ ಹದವಾದ ಬೆಂಕಿಯಲ್ಲಿ ಬೆಂದ ಮಣ್ಣು. ಅದರ ಮೈ ತುಂಬಾ ಕಣ್ಣಿಗೆ ಕಾಣದ ಸಣ್ಣ ತೂತುಗಳು. ಒಣ ಹಣತೆಗೆ ಎಣ್ಣೆ ಹಾಕಿದರೆ ಕುಡಿದುಬಿಡುತ್ತದೆ. ಹಾಗೆ ಕುಡಿದ ಎಣ್ಣೆ ಹೊರಮೈಗೆ ಬಂದಾಗ ಬಣ್ಣದ ಪದರವನ್ನ ಒಳಗಿನಿಂದ ತಳ್ಳುತ್ತದೆ. ನಿಮ್ಮ ಮನೆಯಲ್ಲಿ ಸಿಪ್ಪೆ ಎದ್ದದ್ದು, ನೆಲದ ಮೇಲೆ ಕಲೆ ಬಿದ್ದದ್ದು ಎರಡಕ್ಕೂ ಕಾರಣ ಒಂದೇ. ಅಜ್ಜಿಯರು ಹೊಸ ಹಣತೆಯನ್ನ ರಾತ್ರಿಯಿಡೀ ನೀರಲ್ಲಿ ನೆನೆಹಾಕುತ್ತಿದ್ದದ್ದು ಇದಕ್ಕೇ. ತೂತುಗಳಲ್ಲಿ ನೀರು ತುಂಬಿದ್ದರೆ ಎಣ್ಣೆಗೆ ಜಾಗ ಕಡಿಮೆ.

ಬಣ್ಣ ಬಳಿಯೋದಾದರೆ ಎರಡು ಸಲ ನೆನೆಸಬೇಕು. ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಒಂದು ರಾತ್ರಿ ಬಕೆಟ್ಟಿನಲ್ಲಿ ಹಾಕಿಡಿ. ಧೂಳು, ಸಡಿಲ ಮಣ್ಣು ಬಿಟ್ಟುಹೋಗುತ್ತದೆ. ಹಣತೆ ನೀರಿಗೆ ಬೀಳುತ್ತಿದ್ದ ಹಾಗೆ ಚುಂಯ್ ಅಂತ ಸದ್ದು ಮಾಡಿ ಗುಳ್ಳೆ ಬಿಡುತ್ತದೆ. ಮಗನಿಗೆ ಆ ಕೆಲಸ ಕೊಡಿ, ಒಂದೊಂದೇ ಹಾಕಲಿ, ಕಿವಿ ಹತ್ತಿರ ತಂದು ಕೇಳಲಿ. ಮಾರನೇ ದಿನ ತೆಗೆದು ಎರಡು ದಿನ ನೆರಳಲ್ಲಿ ಪೂರ್ತಿ ಒಣಗಿಸಿ. ಹಸಿ ಮಣ್ಣಿನ ಮೇಲೆ ಬಣ್ಣ ನಿಲ್ಲೋದಿಲ್ಲ. ಹೊರಗಡೆ ಮಾತ್ರ ಬಳಿಸಿ. ಒಳಭಾಗ, ಅಂಚು, ಬತ್ತಿ ಕೂರುವ ಮೂತಿ ಇವಕ್ಕೆ ಬಣ್ಣ ಬೇಡ. ಹಬ್ಬದ ಬೆಳಗ್ಗೆ ಹಣತೆಯ ಒಳಗಡೆ ಮಾತ್ರ ನೀರು ತುಂಬಿಸಿ ಮೂರು ನಾಲ್ಕು ಗಂಟೆ ಬಿಡಿ. ಸಂಜೆ ಚೆಲ್ಲಿ, ಒರೆಸಿ, ಎಣ್ಣೆ ಹಾಕಿ. ಆದರೂ ಕೆಳಗೆ ಒಂದು ತಟ್ಟೆ ಅಥವಾ ಬಾಳೆಲೆ ತುಂಡು ಇರಲಿ.

ಅಂಗಡಿ ಬಣ್ಣವೇ ಬೇಕಂದರೆ ಅಕ್ರಿಲಿಕ್ ತಗೊಳ್ಳಿ. ಪೋಸ್ಟರ್ ಕಲರ್ ನೀರು ತಾಗಿದ ತಕ್ಷಣ ಇಳಿದುಹೋಗುತ್ತದೆ. ಅಟ್ಟದ ಮೇಲಿರುವ ಹಳೇ ಎನಾಮಲ್ ಪೇಂಟ್ ಡಬ್ಬಿ ಮಾತ್ರ ಮಕ್ಕಳ ಕೈಗೆ ಬೇಡವೇ ಬೇಡ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಡಬ್ಬಿಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು?

ನಿಮ್ಮ ಊರು ಸಾಗರ ಅಂದಿರಿ. ಹಾಗಿದ್ದರೆ ನಾನು ಅಂಗಡಿ ಬಣ್ಣವನ್ನ ಬಿಟ್ಟೇ ಬಿಡಿ ಅನ್ನುತ್ತೇನೆ. ನಿಮ್ಮ ಸೀಮೆಯ ದೀವರು ಸಮುದಾಯದ ಮನೆಗಳಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅದರ ಸಾಮಾನು ಸಾಕು. ಕೆಮ್ಮಣ್ಣನ್ನ ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕಲಸಿ, ಹಣತೆಯ ಹೊರಮೈಗೆ ಸಾರಿಸಿ. ಒಣಗಿದ ಮೇಲೆ, ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಯ ಬಿಳಿಯಿಂದ ಗೆರೆ ಎಳೆಯಿರಿ. ಚಿತ್ತಾರದವರು ಪುಂಡಿ ನಾರಿನ ಕುಂಚ ಬಳಸುತ್ತಾರೆ. ನಿಮ್ಮ ಮಗಳಿಗೆ ಒಂದು ಎಳೆ ನಾರು ಕೊಟ್ಟು ನೋಡಿ. ಅಂಗಡಿ ಬ್ರಷ್ಷಿಗಿಂತ ಸಣ್ಣ ಗೆರೆ ಬರುತ್ತದೆ, ಕೈಯೂ ನಿಧಾನವಾಗುತ್ತದೆ. ಮಗನಿಗೆ ಗೆರೆ ಕಷ್ಟ. ಅವನು ಕಿರುಬೆರಳು ಅದ್ದಿ ಸುತ್ತಲೂ ಚುಕ್ಕಿ ಇಡಲಿ. ಈ ಬಣ್ಣ ಉಜ್ಜಿದರೆ ಹೋಗುತ್ತದೆ, ಹಬ್ಬದ ಮೂರು ದಿನಕ್ಕೆ ಸಾಕು. ಬಿಸಿಗೆ ಕರಗೋದಿಲ್ಲ, ವಾಸನೆ ಬರೋದಿಲ್ಲ. ಇದಕ್ಕೆ ಎಣ್ಣೆ ಬದಲು ಟೀ ಲೈಟ್ ಇಟ್ಟರೆ ಇನ್ನೂ ಒಳ್ಳೇದು. ಹಣತೆ ಕೊಳ್ಳುವಾಗ ಒಂದು ಟೀ ಲೈಟ್ ಜೇಬಲ್ಲಿ ಇಟ್ಟುಕೊಂಡು ಹೋಗಿ, ಕೂರುವಷ್ಟು ಅಗಲದ್ದನ್ನ ಆರಿಸಿ. ಅದರ ಅಡ್ಡಳತೆ ಸುಮಾರು 38 ಮಿಲಿಮೀಟರ್.

ಇಬ್ಬರೂ ಸೇರಿ ಮಾಡೋಕೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಾಳೆಕಂಬದ ಸ್ಟ್ಯಾಂಡ್. ಕಂಬ ಬಹುಪಾಲು ನೀರೇ, ಬೆಂಕಿ ಹಿಡಿಯೋ ಮಾತೇ ಇಲ್ಲ. ಹಬ್ಬದ ಹಿಂದಿನ ದಿನ ತೋಳಿನಷ್ಟು ದಪ್ಪದ ಕಂಬ ತನ್ನಿ. ನೀವೇ ಕತ್ತಿಯಿಂದ ನಾಲ್ಕು ಇಂಚಿನ ತುಂಡು ಮಾಡಿ. ಕೆಳಭಾಗ ಸಮ ಇರಲಿ, ಇಲ್ಲದಿದ್ದರೆ ವಾಲುತ್ತದೆ. ಕಡಿದ ಮುಖ ನೋಡಿದರೆ ಒಂದರೊಳಗೊಂದು ಸುತ್ತಿಕೊಂಡ ಪದರ, ಪ್ರತಿ ಪದರದಲ್ಲೂ ಜೇನುಗೂಡಿನ ಹಾಗೆ ಕೋಣೆಗಳು. ಇದನ್ನ ನೋಡ್ತಾ ಮಕ್ಕಳು ಹತ್ತು ನಿಮಿಷ ಕಳೆಯುತ್ತಾರೆ. ಕಳೆಯಲಿ ಬಿಡಿ. ಆಮೇಲೆ ಟೀ ಲೈಟನ್ನ ಮಧ್ಯದಲ್ಲಿಟ್ಟು ಸುತ್ತ ಗುರುತು ಮಾಡಿ, ಸ್ಟೀಲ್ ಚಮಚದಲ್ಲಿ ಕೆರೆದು ಗುಳಿ ತೋಡಿಸಿ. ಐದು ವರ್ಷದವನಿಗೂ ಆಗುವ ಕೆಲಸ. ಟೀ ಲೈಟ್ ಅರ್ಧ ಮುಳುಗಿ, ಅರ್ಧ ಮೇಲಿರಲಿ. ಪದರಗಳು ಬಿಚ್ಚಿಕೊಳ್ಳದ ಹಾಗೆ ತೆಂಗಿನ ಗರಿಯ ಎರಡು ಕಡ್ಡಿಗಳನ್ನ ಅಡ್ಡಡ್ಡ ಚುಚ್ಚಿ. ಅದೇ ಕಡ್ಡಿಯ ಚೂರುಗಳಿಂದ ಪಕ್ಕದಲ್ಲಿ ಚೆಂಡುಹೂ, ವೀಳ್ಯದೆಲೆ ಸಿಕ್ಕಿಸಬಹುದು. ಹಸಿ ಹೂವು ಮಾತ್ರ, ಒಣ ಹೂವು ಬೇಡ.

ಒಂದು ಮಾತು. ಬಾಳೆಯ ರಸ ಬಟ್ಟೆಗೆ ತಾಗಿದರೆ ಕಂದು ಕಲೆ, ಎಷ್ಟು ಒಗೆದರೂ ಹೋಗೋದಿಲ್ಲ. ಹಳೇ ಬಟ್ಟೆ ಹಾಕಿ ಕೂರಿಸಿ, ಕೆಳಗೆ ಗೋಣಿಚೀಲ ಹಾಸಿ. ಈ ಸ್ಟ್ಯಾಂಡ್ ಎರಡು ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ಕಪ್ಪಾಗುತ್ತದೆ. ಗೊಬ್ಬರದ ಗುಂಡಿಗೋ ದನಕ್ಕೋ ಹಾಕುವ ಮುಂಚೆ ಅಲ್ಯುಮಿನಿಯಂ ಬಟ್ಟಲು ತೆಗೆದಿದ್ದೀರಾ ಅಂತ ಎರಡು ಸಲ ನೋಡಿ. ದನದ ಹೊಟ್ಟೆಗೆ ಹೋದರೆ ಅನಾಹುತ.

ಗಾಜು. ಮೇಣದ ಬತ್ತಿ ಉರಿದು ತಳಕ್ಕೆ ಬಂದಾಗ ಅಲ್ಲಿ ಒಂದೇ ಜಾಗ ಕಾಯುತ್ತದೆ, ಉಳಿದ ಗಾಜು ತಣ್ಣಗಿರುತ್ತದೆ. ಕಾದ ಕಡೆ ಹಿಗ್ಗುತ್ತದೆ, ತಣ್ಣನೆ ಕಡೆ ಹಿಗ್ಗೋದಿಲ್ಲ. ಆ ಜಗ್ಗಾಟಕ್ಕೆ ನಿಮ್ಮ ಲೋಟ ಸೀಳಿದೆ. ಲೋಟದ ಬದಲು ಜಾಮ್ ಬಾಟಲಿ ಆರಿಸಿ. ಬಿಸಿ ಪದಾರ್ಥ ತುಂಬಿಸೋಕೆ ಅಂತಲೇ ಮಾಡಿರುವುದರಿಂದ ಅದು ಸ್ವಲ್ಪ ಗಟ್ಟಿ. ಎಲ್ಲೂ ಬಿರುಕು, ಚಕ್ಕೆ ಎದ್ದಿರಬಾರದು. ಬಾಯಿ ಅಗಲ ಇರಬೇಕು, ನಿಮ್ಮ ಮಗಳ ಕೈ ಒಳಗೆ ಸಲೀಸಾಗಿ ಹೋಗುವಷ್ಟು. ಬಾಯಿ ಕಿರಿದಾದರೆ ಗಾಳಿ ಸಾಲದೆ ಗಾಜಿಗೆಲ್ಲ ಮಸಿ ಕಟ್ಟುತ್ತದೆ. ಅಂಟಿರುವ ಲೇಬಲ್ ತೆಗೆಯೋಕೆ ಬಿಸಿನೀರಲ್ಲಿ ನೆನೆಸಿ, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಮತ್ತು ಅಡುಗೆ ಸೋಡ ಕಲಸಿ ಹಚ್ಚಿ ಉಜ್ಜಿ.

ತಳಕ್ಕೆ ಒಂದು ಇಂಚು ಮರಳು ಹಾಕಿದರೆ ಬಿಸಿ ನೇರವಾಗಿ ಗಾಜಿಗೆ ಹೋಗೋದಿಲ್ಲ. ಮರಳಿನ ಬದಲು ರಂಗೋಲಿ ಪುಡಿ ಹಾಕಿಸಿ ನೋಡಿ. ಬಿಳಿ, ಅರಿಶಿನ, ಕೆಂಪು, ನೀಲಿ, ಒಂದರ ಮೇಲೊಂದು ಪದರ. ಕಾಗದದ ಕೊಳವೆಯಲ್ಲಿ ನಿಧಾನವಾಗಿ ಸುರಿಯಬೇಕು. ಆಮೇಲೆ ಗಾಜಿನ ಅಂಚಿಗೆ ಒಂದು ಕಡ್ಡಿ ಇಳಿಸಿ ಮೇಲೆತ್ತಿದರೆ ಪದರಗಳು ಬೆಟ್ಟದ ಸಾಲಿನ ಹಾಗೆ ಇಳಿಜಾರಾಗುತ್ತವೆ. ನನ್ನ ತರಗತಿಯಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ನೋಡುವ ಗಳಿಗೆ ಅದು. ಆದರೆ ಅದು ಕಲ್ಲಿನ ಪುಡಿಯ ರಂಗೋಲಿಯೇ ಆಗಿರಬೇಕು, ಬೆರಳಿಗೆ ತರಿತರಿ ಅನ್ನಬೇಕು. ಹೋಳಿ ಹಬ್ಬದಲ್ಲಿ ಎರಚುವ ನುಣುಪು ಬಣ್ಣ ಎಷ್ಟೋ ಸಲ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ್ದು. ಹಿಟ್ಟು ಗಾಳಿಯಲ್ಲಿ ಹಾರಿದಾಗ ಬೆಂಕಿ ಹಿಡಿಯುತ್ತದೆ. 2015ರ ಜೂನ್ ತಿಂಗಳಲ್ಲಿ ತೈವಾನಿನ ಒಂದು ವಾಟರ್ ಪಾರ್ಕಿನಲ್ಲಿ ಜನರ ಮೇಲೆ ಎರಚಿದ ಇಂಥ ಪುಡಿಗೇ ಬೆಂಕಿ ಹತ್ತಿ 15 ಜನ ಜೀವ ಕಳೆದುಕೊಂಡರು, ನೂರಾರು ಜನ ಸುಟ್ಟುಕೊಂಡರು. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುತ್ತೇನೆ.

ಬಾಟಲಿಯ ಹೊರಮೈಗೆ ಗಾಳಿಪಟದ ಕಾಗದ. ಕತ್ತರಿ ಬೇಡ, ಕೈಯಲ್ಲೇ ಹರಿಯಲಿ. ಹರಿದ ಅಂಚು ಒಂದರೊಳಗೊಂದು ಬೆರೆತು ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಬ್ರಷ್ಷಿನಲ್ಲಿ ಹಚ್ಚಿ, ಕಾಗದ ಇಟ್ಟು, ಮೇಲೆ ಮತ್ತೊಮ್ಮೆ ಹಚ್ಚಿ. ಬಾಯಿಯಿಂದ ಎರಡು ಬೆರಳು ಕೆಳಗಿನವರೆಗೆ ಏನೂ ಅಂಟಿಸಬೇಡಿ. ಒಳಗಡೆಯಂತೂ ಏನೂ ಬೇಡ. ಒಂದು ರಾತ್ರಿ ಒಣಗಲಿ. ಬಿಸಿ ಗ್ಲೂ ಗನ್ ಬಳಸಬೇಡಿ. ಮಕ್ಕಳ ಬೆರಳು ಸುಡುತ್ತದೆ, ಗಾಜು ಕಾದರೆ ಅಂಟು ಮೆತ್ತಗಾಗಿ ಅಂಟಿಸಿದ ಮಣಿಯೆಲ್ಲ ಉದುರುತ್ತದೆ.

ಮೈದಾ ಮತ್ತು ಉಪ್ಪಿನ ಹಿಟ್ಟಿನಲ್ಲೂ ಸ್ಟ್ಯಾಂಡ್ ಮಾಡುತ್ತಾರೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು, ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಟೀ ಲೈಟ್ ಒತ್ತಿ ಗುಳಿ ಮಾಡುವಾಗ ಅದನ್ನ ತಿರುಗಿಸಿ ತಿರುಗಿಸಿ ಗುಳಿಯನ್ನ ಸ್ವಲ್ಪ ಅಗಲ ಮಾಡಿ. ಒಣಗಿದಾಗ ಹಿಟ್ಟು ಕುಗ್ಗುತ್ತದೆ, ಆಮೇಲೆ ಟೀ ಲೈಟ್ ಒಳಗೆ ಹೋಗೋದೇ ಇಲ್ಲ. ಬಿಸಿಲಲ್ಲಿ ಮೂರು ನಾಲ್ಕು ದಿನ, ದಿನಾ ಮಗುಚಿ ಹಾಕಬೇಕು. ವಿಜಯಪುರ, ಕಲಬುರಗಿ ಕಡೆ ಇದು ಕಲ್ಲಿನ ಹಾಗೆ ಆಗುತ್ತದೆ. ನಿಮ್ಮ ಮಲೆನಾಡಿನ ತೇವಕ್ಕೆ ಉಪ್ಪು ನೀರೆಳೆದುಕೊಂಡು ಮತ್ತೆ ಮೆತ್ತಗಾಗುತ್ತದೆ. ಮನೆಯಲ್ಲಿ ಓವನ್ ಇದ್ದು, 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸೋಕೆ ಆಗುತ್ತೆ ಅಂದರೆ ಮಾಡಿ, ಇಲ್ಲದಿದ್ದರೆ ಬಿಡಿ. ನಾಯಿ ಸಾಕಿದ್ದರೆ ಅದಕ್ಕೆ ಸಿಗದ ಹಾಗೆ ಇಡಿ, ಅಷ್ಟು ಉಪ್ಪು ನಾಯಿಗೆ ವಿಷ.

ಮಗಳಿಗೆ ಮಾತ್ರ ಅಂತ ಒಂದು ಕೆಲಸ ಇದೆ. 9 ವರ್ಷದವರಿಗೆ ತಮ್ಮನ ಜೊತೆ ಚುಕ್ಕಿ ಇಟ್ಟರೆ ಸಾಲೋದಿಲ್ಲ, ದೊಡ್ಡವರ ಕೆಲಸ ಬೇಕು. ಖಾಲಿ ತಗಡಿನ ಡಬ್ಬಿ ತಗೊಳ್ಳಿ. ಅಂಚು ಹರಿತ ಇದ್ದರೆ ಇಕ್ಕಳದಲ್ಲಿ ಮಡಚಿ. ಮುಕ್ಕಾಲು ಭಾಗ ನೀರು ತುಂಬಿಸಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಅದಕ್ಕೇ ಪೂರ್ತಿ ತುಂಬಿಸಬಾರದು. ಬೆಳಗ್ಗೆ ಡಬ್ಬಿಯನ್ನ ಮಡಚಿದ ಟವೆಲ್ ಮೇಲೆ ಮಲಗಿಸಿ, ಚುಕ್ಕಿ ರಂಗೋಲಿ ಬರೆದ ಕಾಗದ ಸುತ್ತಿ, ಚುಕ್ಕಿ ಇದ್ದಲ್ಲೆಲ್ಲ ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆಸಿ. ಒಳಗೆ ಮಂಜುಗಡ್ಡೆ ಇರುವುದರಿಂದ ತಗಡು ನೆಗ್ಗೋದಿಲ್ಲ. ಮೊದಲ ನಾಲ್ಕು ಏಟಿಗೆ ಮೊಳೆಯನ್ನ ನೀವು ಇಕ್ಕಳದಲ್ಲಿ ಹಿಡಿದುಕೊಳ್ಳಿ. ಐದನೆಯದಕ್ಕೆ ಅವಳೇ ಕೇಳುತ್ತಾಳೆ. ರಾತ್ರಿ ಒಳಗೆ ದೀಪ ಇಟ್ಟರೆ ಗೋಡೆ ಮೇಲೆಲ್ಲ ರಂಗೋಲಿ. ಉರಿಯುವಾಗ ಡಬ್ಬಿ ಮುಟ್ಟಬಾರದು, ತಗಡು ಬೇಗ ಕಾಯುತ್ತದೆ.

ಹಚ್ಚುವ ಸಂಜೆಯ ಬಗ್ಗೆ ಸ್ವಲ್ಪ. ಜಾಗವನ್ನ ಮಕ್ಕಳ ಜೊತೆ ಬೆಳಕಿರುವಾಗಲೇ ಗೊತ್ತುಮಾಡಿ. ಮಗನೇ ಹಚ್ಚದ ದೀಪಗಳನ್ನ ಒಂದೊಂದಾಗಿ ಇಡಲಿ, ಒಂದಕ್ಕೂ ಇನ್ನೊಂದಕ್ಕೂ ಅವನ ಗೇಣು ದೂರ. ಹತ್ತಿರ ಹತ್ತಿರ ಗುಂಪಾಗಿ ಇಟ್ಟ ಟೀ ಲೈಟ್‌ಗಳು ಒಂದನ್ನೊಂದು ಕಾಯಿಸುತ್ತವೆ, ಮೇಣವೇ ಹೊತ್ತಿಕೊಳ್ಳಬಹುದು. ಪರದೆ, ಫ್ಯಾನು, ತೂಗುವ ತೋರಣ ಹತ್ತಿರ ಬೇಡ. ಮಕ್ಕಳಿಗೆ ಹತ್ತಿ ಬಟ್ಟೆ ಹಾಕಿ. ಹಬ್ಬಕ್ಕೆ ತಂದ ನೈಲಾನ್ ಲಂಗ ಪೂಜೆಗೆ ಹಾಕಿಕೊಳ್ಳಲಿ, ದೀಪ ಹಚ್ಚುವಾಗ ಬದಲಾಯಿಸಲಿ. ಮಗಳ ಕೂದಲು ಕಟ್ಟಿ. ಬಾಟಲಿಯೊಳಗಿನ ದೀಪವನ್ನ ನೀವು ಹೊರಗೆ ಹಚ್ಚಿ, ಮೇಣ ಕರಗುವ ಮುಂಚೆಯೇ ಇಕ್ಕಳದಲ್ಲಿ ಒಳಗೆ ಇಳಿಸಿ. ಸ್ವಲ್ಪ ಹೊತ್ತು ಉರಿದರೆ ಟೀ ಲೈಟಿನ ಮೇಣವೆಲ್ಲ ನೀರಾಗಿರುತ್ತದೆ, ಆಮೇಲೆ ಅದನ್ನ ಎತ್ತಲೇಬಾರದು. ಮಗಳು ಹಚ್ಚುತ್ತೇನೆ ಅಂದರೆ ಬೇಡ ಅನ್ನಬೇಡಿ. ಉದ್ದ ಮೇಣದ ಬತ್ತಿ ಕೊಟ್ಟು, ನೀವು ಪಕ್ಕದಲ್ಲೇ ಕೂತು ಹಚ್ಚಿಸಿ.

ಆರಿಸೋಕೆ ಮುಚ್ಚಳ ಅಥವಾ ಸ್ಟೀಲ್ ಲೋಟ ಬೋರಲು ಹಾಕಿ. ಉರಿಯುವ ಮೇಣಕ್ಕೋ ಎಣ್ಣೆಗೋ ನೀರು ಎರಚಿದರೆ ಬೆಂಕಿ ಭಗ್ ಅಂತ ಮೇಲೇಳುತ್ತದೆ. ಕೈ ಸುಟ್ಟರೆ ತಕ್ಷಣ ನಲ್ಲಿ ಕೆಳಗೆ, 20 ನಿಮಿಷ ತಣ್ಣೀರು. ಟೂತ್‌ಪೇಸ್ಟ್, ಇಂಕು, ಐಸು ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಮುಖ ಸುಟ್ಟಿದ್ದರೆ, ಅಥವಾ ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಇನ್ನು ನಿಮ್ಮ ಮಗನ ಹೋದ ವರ್ಷದ ರಟ್ಟಿನ ಸ್ಟ್ಯಾಂಡ್ ಇನ್ನೂ ಶೋಕೇಸಿನಲ್ಲಿದ್ದರೆ, ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪ ತಂದು ಅದರಲ್ಲಿ ಇಡಿ. ಹಬ್ಬದ ಮೊದಲ ದಿನ, ನೀರು ತುಂಬುವ ಸಂಜೆಗೇ, ಅವನೇ ಸ್ವಿಚ್ ಹಾಕಲಿ. ಈ ವರ್ಷ ಮಾಡಿದ್ದನ್ನೂ ಅದರ ಪಕ್ಕದಲ್ಲೇ ಇಡಿ.

ದೀಪಾವಳಿ ಮುಗಿದು ಹನ್ನೆರಡು ದಿನಕ್ಕೆ ತುಳಸಿ ಹಬ್ಬ ಬರುತ್ತದೆ. ಅಷ್ಟು ಹೊತ್ತಿಗೆ ಸಂತೆಯಲ್ಲಿ ಬೆಟ್ಟದ ನೆಲ್ಲಿಕಾಯಿ ಇರುತ್ತದೆ. ದಪ್ಪನೆಯ ಐದಾರು ಕಾಯಿ ತನ್ನಿ. ಬುಡವನ್ನ ನೀವು ಸ್ವಲ್ಪ ಹೆರೆದು ಸಮ ಮಾಡಿ, ಮೇಲುಗಡೆ ಬಿಲ್ಲೆಯಷ್ಟು ಕೊಯ್ದು ಕೊಡಿ. ಗಟ್ಟಿ ಬೀಜ ಸಿಗುವವರೆಗೆ ಮಗ ಚಮಚದ ಹಿಡಿಯಲ್ಲಿ ಗುಳಿ ಕೆರೆಯಲಿ, ಮಗಳು ಹತ್ತಿಯಲ್ಲಿ ಹೂಬತ್ತಿ ಹೊಸೆದು ತುಪ್ಪದಲ್ಲಿ ಅದ್ದಿ ಕೂರಿಸಲಿ. ಕೆರೆದ ಚೂರನ್ನ ಉಪ್ಪು ಖಾರ ಹಾಕಿ ಅಲ್ಲೇ ತಿಂದು ಮುಗಿಸುತ್ತಾರೆ, ಅದಕ್ಕೆ ಒಂದೆರಡು ಕಾಯಿ ಜಾಸ್ತಿಯೇ ತನ್ನಿ.